ಗಡ್ಡೆಯಾದ ಬೀದಿನಾಯಿ: ಅರ್ಧ ಹಣಕ್ಕೆ ಚಿಕಿತ್ಸೆ ಶುರು ಮಾಡಬೇಡಿ

ಬೀದಿನಾಯಿಯ ಜನನಾಂಗದಿಂದ ರಕ್ತ ತೊಟ್ಟಿಕ್ಕುತ್ತಿದ್ದು, ಹೂಕೋಸಿನಂಥ ಕೆಂಪು ಗಡ್ಡೆ ಕಂಡರೆ ಅದು ಬಹುಪಾಲು ಟಿವಿಟಿ. ಕೂಡುವಾಗ, ನೆಕ್ಕುವಾಗ ನಾಯಿಯಿಂದ ನಾಯಿಗೆ ಹರಡುವ ಕ್ಯಾನ್ಸರ್ ಇದು. ಹೆದರಬೇಡಿ, ವಿನ್‌ಕ್ರಿಸ್ಟಿನ್ ಇಂಜೆಕ್ಷನ್‌ಗೆ ಹೆಚ್ಚಿನವು ಪೂರ್ತಿ ವಾಸಿಯಾಗುತ್ತವೆ. ವಾರಕ್ಕೊಂದರಂತೆ ಸಾಮಾನ್ಯವಾಗಿ 4ರಿಂದ 6 ಡೋಸ್ ಬೇಕು.

ಎಡವುವುದು ಇಲ್ಲೇ. ಎರಡು ಡೋಸಿಗೆ ರಕ್ತ ನಿಂತರೆ ಸಾಕು, ನಾಯಿ ಹುಷಾರಾಯಿತು ಅಂತ ಚಿಕಿತ್ಸೆಗೆ ದೇಣಿಗೆ ಕೊಡುವವರೂ ನಿಲ್ಲಿಸಿಬಿಡುತ್ತಾರೆ. ಅರ್ಧಕ್ಕೆ ಬಿಟ್ಟ ಗಡ್ಡೆ ಮತ್ತೆ ಬೆಳೆಯುತ್ತದೆ, ಆಮೇಲೆ ಅದೇ ಔಷಧಿಗೆ ಬಗ್ಗದೆಯೂ ಹೋಗಬಹುದು. ಅದಕ್ಕೇ ಮೊದಲ ಸೂಜಿಗೆ ಮುಂಚೆಯೇ ಇಡೀ ಕೋರ್ಸಿನ ಅಂದಾಜು ಬರೆಸಿಕೊಳ್ಳಿ: ಪ್ರತಿ ಡೋಸಿಗೆ ಮುಂಚಿನ ರಕ್ತಪರೀಕ್ಷೆ (ಬಿಳಿ ರಕ್ತಕಣ ತೀರಾ ಇಳಿದಿದ್ದರೆ ಡೋಸ್ ಮುಂದೂಡುತ್ತಾರೆ, ನಾಯಿಯನ್ನು ಇಟ್ಟುಕೊಳ್ಳುವ ದಿನಗಳೂ ಹೆಚ್ಚುತ್ತವೆ), ಐವಿ ಕ್ಯಾನುಲಾ (ರಕ್ತನಾಳಕ್ಕೆ ಔಷಧಿ ಬಿಡುವ ಸಣ್ಣ ಕೊಳವೆ), ಇರಿಸುವ ಖರ್ಚು, ಕೊನೆಗೆ ಸಂತಾನಹರಣ ಶಸ್ತ್ರಚಿಕಿತ್ಸೆ. ಕ್ಯಾನುಲಾ ವಿಷಯದಲ್ಲಿ ಜಿಪುಣತನ ಬೇಡವೇ ಬೇಡ. ಔಷಧಿ ರಕ್ತನಾಳದ ಹೊರಗೆ ಸೋರಿದರೆ ಕಾಲಿನ ಚರ್ಮವೇ ಕೊಳೆಯುತ್ತದೆ, ಪಾಪ.

ಹಣ ನೇರ ಆಸ್ಪತ್ರೆ ಖಾತೆಗೆ ಹೋಗಲಿ. ಬಿಲ್ಲು, ಗಡ್ಡೆಯ ಫೋಟೊ ಹಣ ಕೊಟ್ಟವರಿಗೆಲ್ಲ ಪ್ರತಿ ವಾರ ತಲುಪಲಿ. ಡೋಸ್ ಆದ ಮೇಲೆ ಕೆಲವು ದಿನ ಔಷಧಿ ಮಲಮೂತ್ರದಲ್ಲಿ ಹೊರಬರುವುದರಿಂದ, ಅದನ್ನು ತೆಗೆಯುವವರಿಗೆ ಕೈಗವಸು ಕಡ್ಡಾಯ. ಗರ್ಭಿಣಿಯರು ಆ ಕೆಲಸಕ್ಕೆ ಕೈಹಾಕಲೇಬಾರದು.