ಹಾಡುಗಳಿಗೊಂದು ಕಪಾಟು

ಎಸ್ಟೋನಿಯಾ ದೇಶದ ಒಟ್ಟು ಜನಸಂಖ್ಯೆ ನಮ್ಮ ಶಿವಮೊಗ್ಗ ಜಿಲ್ಲೆಗಿಂತ ಕಡಿಮೆ. 2011ರ ಜನಗಣತಿಯಲ್ಲೇ ನಮ್ಮ ಜಿಲ್ಲೆ 17.5 ಲಕ್ಷ ದಾಟಿತ್ತು. ಅವರು ಈಗಲೂ 14 ಲಕ್ಷದ ಆಸುಪಾಸು. ಇಷ್ಟೇ ಜನ 1869ರಿಂದ ಹಾಡಿನ ಹಬ್ಬವೊಂದನ್ನು ನಡೆಸಿಕೊಂಡು ಬಂದಿದ್ದಾರೆ, ಸಾವಿರಾರು ಮಂದಿ ಒಟ್ಟಿಗೆ ನಿಂತು ಒಂದೇ ಹಾಡು ಹಾಡುತ್ತಾರೆ. ಜರ್ಮನಿಯ ನಮ್ಮ ವಿಶ್ವವಿದ್ಯಾಲಯದ ಕ್ವಾಯರ್ ಈ ಬೇಸಿಗೆಯಲ್ಲಿ ಎಸ್ಟೋನಿಯಾ, ಲಾಟ್ವಿಯಾಗಳಿಗೆ ಪ್ರವಾಸ ಹೊರಟಾಗ ನಾನೂ ಆಲ್ಟೋ, ಅಂದರೆ ಹೆಂಗಸರ ಕೆಳದನಿಯ ಸಾಲಿನಲ್ಲಿದ್ದೆ.

ಕ್ವಾಯರ್ ಅಂದರೆ ಏನೆಂದು ಊರಿನವರು ಕೇಳುತ್ತಿರುತ್ತೀರಿ. ನಾಲ್ಕು ಗುಂಪು, ನಾಲ್ಕು ಬೇರೆ ಸ್ವರ, ಎಲ್ಲವೂ ಒಂದೇ ಹೊತ್ತಿಗೆ. ಹೊಸನಗರದಲ್ಲಿ ಕರ್ನಾಟಕ ಸಂಗೀತ ಕಲಿತವಳಿಗೆ ಸ್ವರವನ್ನು ಗಮಕವಿಲ್ಲದೆ ನೆಟ್ಟಗೆ ನಿಲ್ಲಿಸುವುದೇ ದೊಡ್ಡ ಅಭ್ಯಾಸ. ಪಕ್ಕದವಳ ದನಿಯಲ್ಲಿ ನನ್ನ ದನಿ ಕರಗಿತು ಅನ್ನಿಸಿದಾಗ ಸಿಗುವ ಸುಖವನ್ನು ನಾನು ಒಬ್ಬಳೇ ಹಾಡಿದಾಗ ಕಂಡಿಲ್ಲ.

ಎಸ್ಟೋನಿಯಾದ ರಾಜಧಾನಿ ತಾಲಿನ್‌ನ ಹಾಡಿನ ಮೈದಾನದಲ್ಲಿ ನಮ್ಮ ಕಛೇರಿ ಇರಲಿಲ್ಲ, ನೋಡಲೆಂದೇ ಹೋದೆವು. 1960ರಲ್ಲಿ ಕಟ್ಟಿದ ಕಮಾನಿನ ವೇದಿಕೆ, ಎದುರಿಗೆ ಹುಲ್ಲಿನ ಇಳಿಜಾರು, ಅಲ್ಲಿ ಕುಳಿತ ಭಂಗಿಯಲ್ಲಿ ಸಂಯೋಜಕ ಗುಸ್ತಾವ್ ಎರ್ನೆಸಾಕ್ಸರ ಕಂಚಿನ ಪ್ರತಿಮೆ. ಲಿಡಿಯಾ ಕೊಯ್ಡುಲಾ ಎಂಬ ಕವಯಿತ್ರಿಯ ನಾಡಗೀತೆಗೆ ಅವರು ರಾಗ ಕೂಡಿಸಿದ್ದರು. ಸೋವಿಯತ್ ಕಾಲದಲ್ಲಿ ಅದನ್ನು ಹಬ್ಬದ ಪಟ್ಟಿಯಿಂದ ತೆಗೆದಿದ್ದರೂ 1960ರಲ್ಲಿ ಜನ ತಾವಾಗಿಯೇ ಎದ್ದು ಹಾಡಿಬಿಟ್ಟರು. 1988ರ ಬೇಸಿಗೆಯಲ್ಲಿ ನಾಡಿನ ಹಾಡು ಹಾಡಲು ಬಂದ ಜನರಿಂದ ಇದೇ ಇಳಿಜಾರು ತುಂಬಿ ತುಳುಕಿತು. 1991ರಲ್ಲಿ ಸ್ವಾತಂತ್ರ್ಯ ಮರಳಿತು. ಈಸೂರಿನ ಕಥೆ ಕೇಳುತ್ತ ಬೆಳೆದ ನಮಗೆ, ಸಾಮಾನ್ಯ ಜನ ಒಟ್ಟಾಗಿ ಎದ್ದು ನಿಲ್ಲುವುದೆಂದರೆ ಏನೆಂದು ವಿವರಿಸಬೇಕಿಲ್ಲ.

ಲಾಟ್ವಿಯಾದ ರೀಗಾದಲ್ಲಿ ಬೇರೆಯೇ ಚರಿತ್ರೆ ಎದುರಾಯಿತು. ಊರಂಚಿನ ಬಿಕೆರ್‌ನಿಯೆಕಿ ಕಾಡಿನಲ್ಲಿ ನಾಜಿಗಳು ಸುಮಾರು 35 ಸಾವಿರ ಜನರನ್ನು ಗುಂಡಿಟ್ಟು ಕೊಂದರು. ಅವರಲ್ಲಿ ಬಹಳ ಮಂದಿ ಯಹೂದಿಗಳು. ಸ್ಥಳೀಯರಷ್ಟೇ ಅಲ್ಲ, ಜರ್ಮನಿಯಿಂದ ರೈಲಿನಲ್ಲಿ ತುಂಬಿ ತಂದವರೂ ಇದ್ದರು. 2001ರಲ್ಲಿ ತೆರೆದ ಸ್ಮಾರಕದಲ್ಲಿ ಒರಟು ಕಲ್ಲುಗಳನ್ನು ಒತ್ತೊತ್ತಾಗಿ ನೆಟ್ಟಿದ್ದಾರೆ, ಅಲ್ಲಲ್ಲಿ ಆ ಜನ ಬಂದ ಊರಿನ ಹೆಸರು ಕೆತ್ತಿದ್ದಾರೆ. ನನ್ನ ಜೊತೆ ಹಾಡುವ ಹುಡುಗಿಯ ಊರು ಮ್ಯೂನ್ಸ್ಟರ್. ಆ ಹೆಸರಿನ ಕಲ್ಲು ಕಣ್ಣಿಗೆ ಬಿದ್ದದ್ದೇ ಅವಳು ಅಲ್ಲೇ ಕುಕ್ಕರಗಾಲಿನಲ್ಲಿ ಕೂತಳು. ಅಲ್ಲಿ ಒಂದು ಶೋಕಗೀತೆ ಹಾಡಬೇಕೋ ಬೇಡವೋ ಎಂದು ಹಿಂದಿನ ರಾತ್ರಿ ಊಟದ ಮೇಜಿನಲ್ಲಿ ಬಹಳ ಹೊತ್ತು ಚರ್ಚೆ ನಡೆದಿತ್ತು. ಕೊನೆಗೆ ಬೇಡವೆಂದರು. ಜರ್ಮನ್ ಭಾಷೆಯ ಹಾಡು ಆ ಮರಗಳ ನಡುವೆ ಏಳುವುದು ಸರಿಯಲ್ಲ ಎಂದವರು ಜರ್ಮನ್ ಹುಡುಗರೇ. ಆ ತೀರ್ಮಾನಕ್ಕಾಗಿ ನನಗೆ ಅವರ ಮೇಲೆ ಗೌರವ ಹೆಚ್ಚಿತು.

ರೀಗಾದಲ್ಲಿ ಅಲ್ಲಿನ ಹಾಡುಗಾರರ ಮನೆಗಳಲ್ಲೇ ನಮಗೆ ವಾಸ್ತವ್ಯ. ನನಗೆ ಸಿಕ್ಕ ಮನೆಯ ಅಜ್ಜಿಯ ದೊಡ್ಡಪ್ಪನ ಕುಟುಂಬವನ್ನು 1949ರ ಮಾರ್ಚ್‌ನಲ್ಲಿ ಸೋವಿಯತ್ ಆಡಳಿತ ಸೈಬೀರಿಯಾಕ್ಕೆ ಸಾಗಿಸಿತ್ತು. ಆ ಕೆಲವೇ ದಿನಗಳಲ್ಲಿ ಲಾಟ್ವಿಯಾದಿಂದ ಹಾಗೆ ಹೋದವರು 42 ಸಾವಿರಕ್ಕೂ ಹೆಚ್ಚು. 1989ರ ಆಗಸ್ಟ್ 23ರಂದು ತಾಲಿನ್‌ನಿಂದ ಲಿಥುವೇನಿಯಾದ ವಿಲ್ನಿಯಸ್‌ವರೆಗೆ, ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗಿ ಬಂದರೂ ಮುಗಿಯದಷ್ಟು ದೂರ, ಸೋವಿಯತ್ ಆಡಳಿತದಿಂದ ಬಿಡುಗಡೆ ಬೇಕೆಂದು ಸುಮಾರು 20 ಲಕ್ಷ ಜನ ಕೈ ಕೈ ಹಿಡಿದು ನಿಂತರಲ್ಲ, ಆ ಸಾಲಿನಲ್ಲಿ ಈ ಅಜ್ಜಿಯೂ ಇದ್ದರು, ಬೌಸ್ಕಾ ರಸ್ತೆಯಲ್ಲಿ. ಸಂಜೆ ಏಳಕ್ಕೆ ಸರಿಯಾಗಿ ಕೈ ಹಿಡಿಯಬೇಕೆಂದು ಯಾರೋ ರೇಡಿಯೊ ತಂದಿದ್ದರಂತೆ. ಹಾಡು ಯಾರು ಶುರು ಮಾಡಿದರೋ ಗೊತ್ತಿಲ್ಲ, ಎಲ್ಲರಿಗೂ ಬಾಯಿಗೆ ಬರುತ್ತಿತ್ತು ಎಂದರು.

ರಾಷ್ಟ್ರೀಯ ಗ್ರಂಥಾಲಯದ ಹಾಡಿನ ಕಪಾಟು ನೋಡದೆ ಹೋಗಬೇಡ ಎಂದವರೂ ಅವರೇ. ಕ್ರಿಶ್ಯಾನಿಸ್ ಬಾರೊನ್ಸ್ (1835–1923) ಮಾಸ್ಕೋದಲ್ಲಿದ್ದಾಗ, 1880ರಲ್ಲಿ ಮಾಡಿಸಿದ ಮರದ ಕಪಾಟು ಅದು. ಹಳ್ಳಿಹಳ್ಳಿಗಳಿಂದ ಜನ ಬರೆದು ಕಳಿಸಿದ ಜನಪದ ಹಾಡುಗಳನ್ನು ಆತ ಬೆರಳಗಲದ ಚೀಟಿಗಳ ಮೇಲೆ ಇಳಿಸಿ, ಹುಟ್ಟು, ಮದುವೆ, ಬೇಸಾಯ, ಸಾವು ಎಂದು ವಿಂಗಡಿಸಿ ಡ್ರಾಯರ್‌ಗಳಲ್ಲಿ ತುಂಬಿದ. ಎರಡು ಲಕ್ಷಕ್ಕೂ ಹೆಚ್ಚು ಚೀಟಿಗಳು. ಬಹುಪಾಲು ನಾಲ್ಕೇ ಸಾಲಿನವು. 1894ರಿಂದ 1915ರವರೆಗೆ ಅವು ಸಂಪುಟಗಳಾಗಿ ಅಚ್ಚಾದವು, 2001ರಲ್ಲಿ ಕಪಾಟು ಯುನೆಸ್ಕೋದ ಜಾಗತಿಕ ಸ್ಮೃತಿ ಪಟ್ಟಿ ಸೇರಿತು. ಸಣ್ಣ ಗೇಣಿನಷ್ಟೂ ಉದ್ದವಿಲ್ಲದ ಆ ಚೀಟಿಗಳ ಮೇಲಿನ ಒತ್ತೊತ್ತಾಗಿ ಬರೆದ ಸಾಲುಗಳನ್ನು ನೋಡುತ್ತ ನನಗೆ ದೊಡ್ಡಮ್ಮನ ನೆನಪು ಬಂತು.

ದೊಡ್ಡಮ್ಮನ ತವರು ಶರಾವತಿ ಹಿನ್ನೀರಿನಲ್ಲಿ ಹೋಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿಯುವ ಹೊತ್ತಿಗೆ ಊರಿನವರು ಒಂದೊಂದು ದಿಕ್ಕಿಗೆ ಚದುರಿದ್ದರು. ಸೈಬೀರಿಯಾದ ಸಂಕಟದೊಂದಿಗೆ ಇದನ್ನು ತೂಗಲಾರೆ. ಆದರೆ ಮದುವೆಯಲ್ಲಿ ಹಾಡುವ ಹಸೆ ಹಾಡು ಒಬ್ಬರದಲ್ಲ, ಒಬ್ಬಾಕೆ ಎತ್ತಿಕೊಂಡರೆ ಉಳಿದವರು ಸೊಲ್ಲು ಹೇಳಬೇಕು. ಸೊಲ್ಲು ಹೇಳುವವರು ಬೇರೆ ಬೇರೆ ಊರು ಸೇರಿದ ಮೇಲೆ ಎಷ್ಟೋ ಹಾಡು ದೊಡ್ಡಮ್ಮನ ಕಾಪಿ ಪುಸ್ತಕದಲ್ಲೇ ಉಳಿದವು. ತಂಗಿ ಈಗ ಅದರ ಪುಟಗಳ ಫೋಟೊ ತೆಗೆದು ಕಳಿಸುತ್ತಿದ್ದಾಳೆ, ನಾನು ಟೈಪ್ ಮಾಡುತ್ತಿದ್ದೇನೆ. ಶಾಯಿ ಹರಡಿದ ಸಾಲು ಏನೆಂದು ಫೋನಿನಲ್ಲಿ ಕೇಳಿದರೆ ದೊಡ್ಡಮ್ಮನಿಗೆ ಬರೀ ಹೇಳಲು ಬರುವುದಿಲ್ಲ, ಮೊದಲಿಂದ ಹಾಡಿಕೊಂಡೇ ಆ ಸಾಲಿಗೆ ಬರಬೇಕು.

ಹೊಸನಗರ, ಸಾಗರ, ತೀರ್ಥಹಳ್ಳಿ, ಸೊರಬದ ಕಡೆಯವರಲ್ಲಿ ಒಂದು ಕೋರಿಕೆ. ಈ ದೀಪಾವಳಿಗೆ ಅಂಟಿಗೆ-ಪಿಂಟಿಗೆಯವರು ದೀಪ ಹಿಡಿದು ನಿಮ್ಮ ಜಗುಲಿಗೆ ಬಂದಾಗ ಎಣ್ಣೆ ಎರೆದು, ಕಾಣಿಕೆ ಕೊಟ್ಟು ಬೇಗ ಕಳಿಸಿಬಿಡಬೇಡಿ. ಪೂರ್ತಿ ಹಾಡಿಸಿ, ರೆಕಾರ್ಡ್ ಮಾಡಿ. ಹಾಡಿದವರ ಹೆಸರು, ಊರು, ಯಾರಿಂದ ಕಲಿತರು ಎಂಬುದನ್ನು ಅವರನ್ನೇ ಕೇಳಿ ಬರೆದುಕೊಳ್ಳಿ. ವಿಡಿಯೊ ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ, ಮಾತುಗಳು ಸ್ಪಷ್ಟವಾಗಿ ಕೇಳಬೇಕು.