ಕೌದಿಗೆ ಒಪ್ಪುವ ಹೊಲಿಗೆ ಯಂತ್ರ

ಮೇಲುಬಟ್ಟೆ, ಹತ್ತಿ, ಅಸ್ತರು ಎಂಬ ಮೂರು ಪದರಗಳನ್ನು ಸಾಮಾನ್ಯ ಯಂತ್ರದಲ್ಲಿ ಹೊಲಿದಾಗ, ಸೂಜಿಯ ಕೆಳಗಿನ ಹಲ್ಲುಗಳು ತಳದ ಬಟ್ಟೆಯನ್ನಷ್ಟೇ ಎಳೆದುಕೊಳ್ಳುವುದರಿಂದ, ಮೇಲಿನ ಪದರ ಹಿಂದುಳಿದು ಸಾಲಿನ ಕೊನೆಯಲ್ಲಿ ನೆರಿಗೆಗಟ್ಟುತ್ತದೆ. ಆದ್ದರಿಂದ ಕೌದಿಗೆಂದು ಯಂತ್ರ ಕೊಳ್ಳುವವರಿಗೆ, ಮೇಲಿನಿಂದಲೂ ಕೆಳಗಿನಿಂದಲೂ ಬಟ್ಟೆ ಸರಿಸುವ ವ್ಯವಸ್ಥೆ ಒಳಗೇ ಇರುವ ಯಂತ್ರವನ್ನೇ ನಾನು ಸೂಚಿಸುತ್ತೇನೆ. ಹೊಲಿಗೆ ಯಂತ್ರ ತಯಾರಿಸುವ ಫಾಫ್ ಸಂಸ್ಥೆ 1968ರಲ್ಲಿ ತಂದ ಐಡಿಟಿ ಎಂಬ ಇಂಥದೇ ವ್ಯವಸ್ಥೆಯಲ್ಲಿ, ಬಟ್ಟೆಯನ್ನು ಒತ್ತಿ ಹಿಡಿಯುವ ಪಾದದ ಹಿಂಬದಿಗೆ ಇಳಿಯುವ ಪುಟ್ಟ ತೋಳೊಂದು ಮೇಲಿನ ಬಟ್ಟೆಯನ್ನೂ ಅದೇ ವೇಗದಲ್ಲಿ ಸರಿಸುತ್ತದೆ. ಬೇಡವಾದಾಗ ಅದನ್ನು ಮೇಲಕ್ಕೆತ್ತಿದರಾಯಿತು. ಸಾಮಾನ್ಯ ಯಂತ್ರಕ್ಕೆ ಜೋಡಿಸಿ ಮೇಲಿನ ಬಟ್ಟೆಯನ್ನೂ ಸರಿಸಬಲ್ಲ, ಬಿಡಿಯಾಗಿ ಸಿಗುವ ವಾಕಿಂಗ್ ಫುಟ್ ಎಂಬ ಪಾದ ಅಗ್ಗವೇನೋ ಹೌದು, ಆದರೆ ಅದರ ದಪ್ಪನೆಯ ಒಡಲು ಸೂಜಿಯ ಮೊನೆಯನ್ನು ಮರೆಮಾಡುತ್ತದೆ. ಕೊಳ್ಳುವ ಮುನ್ನ ನಿಮ್ಮದೇ ಮೂರು ಪದರದ ತುಂಡನ್ನು ಅಂಗಡಿಗೆ ಒಯ್ದು, ಉದ್ದನೆಯ ಸಾಲೊಂದನ್ನು ಹೊಲಿದು, ಅಂಚುಗಳು ಸರಿಸಮವಾಗಿ ಮುಗಿಯುತ್ತವೆಯೇ ಎಂದು ನೋಡಿರಿ. ಸೂಜಿಯ ಬಲಬದಿಯ ಜಾಗವೂ ಅಗಲವಾಗಿರಲಿ. ದೊಡ್ಡ ಕೌದಿಯನ್ನು ಸುರುಳಿ ಸುತ್ತಿ ತೂರಿಸಬೇಕಾದದ್ದು ಅಲ್ಲಿಯೇ.