ಏಳುವವರ ಸಿಟ್ಟು

ಕ್ರಾಂತಿ ಅಂದರೆ ಹೊಟ್ಟೆಗಿಲ್ಲದವರು ಮಾಡುವುದು ಅಂತಲೇ ನಾವು ತಿಳಿಯುತ್ತೇವೆ, ಅಲ್ವಾ? 1789ರ ಫ್ರಾನ್ಸ್‌ನಲ್ಲಿ ರೊಟ್ಟಿ ಬೆಲೆ ಏರಿ ಬಡವರು ಬೀದಿಗಿಳಿದರು, ನಿಜ. ಆದರೆ ಜೂನ್ 17ರಂದು 'ನಾವೇ ರಾಷ್ಟ್ರೀಯ ಸಭೆ' ಅಂತ ಘೋಷಿಸಿದ ಮೂರನೇ ವರ್ಗದ (ಅಂದರೆ ಪಾದ್ರಿಗಳು, ಕುಲೀನರನ್ನು ಬಿಟ್ಟು ಉಳಿದ ಜನರ) ಪ್ರತಿನಿಧಿಗಳಲ್ಲಿ ವಕೀಲರು, ಅಧಿಕಾರಿಗಳೇ ಜಾಸ್ತಿ. ಓದಿತ್ತು, ದುಡ್ಡಿತ್ತು. ಹುಟ್ಟಿನಿಂದ ಬರುವ ಮರ್ಯಾದೆ ಮಾತ್ರ ಇರಲಿಲ್ಲ. ಮೇಲೆ ಬಂದಮೇಲೂ ಬಾಗಿಲಲ್ಲೇ ನಿಲ್ಲಿಸಿದರೆ ಸಿಟ್ಟು ಬರದೇ ಇರುತ್ತಾ?

ಹೀಗೆ ಮೇಲೆ ಬಂದವರು ಎದ್ದು ಕೇಳೋದನ್ನ ಮೊನ್ನೆ ಗೌರಿಬಿದನೂರು ಕಡೆಯ ಒಂದು ಗ್ರಾಮಸಭೆಯಲ್ಲೂ ಕಂಡೆ. ಬಿಕಾಂ ಓದಿದ ಹುಡುಗನೊಬ್ಬ ಚರಂಡಿ ಕೆಲಸದ ಬಿಲ್ ಹಿಡಿದು, ಒಂದೊಂದೇ ಸಾಲು ಓದಿ ಲೆಕ್ಕ ಕೇಳಿದ. ನನಗಂತೂ ತುಂಬಾ ಖುಷಿಯಾಯ್ತು. ಅವನ ತಾತ ಗೇಣಿ ರೈತ. 1974ರ ಭೂಸುಧಾರಣೆ ತಿದ್ದುಪಡಿ ಆದಮೇಲೆ ಪಹಣಿಯಲ್ಲಿ ಅವರ ಹೆಸರು ಬಂತು. ಅದಕ್ಕೂ ಮುಂಚೆ ಹೀಗೆ ಎದ್ದು ಕೇಳಿದ್ದರೆ ಮರುವರ್ಷ ಉಳೋಕೆ ಹೊಲವೇ ಸಿಗುತ್ತಿರಲಿಲ್ಲ.